ದೇವಿಕಾ ರಾಣಿ

ದೇವಿಕಾ ರಾಣಿ (30 ಮಾರ್ಚ್ 1908 – 9 ಮಾರ್ಚ್ 1994) ಭಾರತೀಯ ಚಲನಚಿತ್ರರಂಗದ ಆರಂಭಕಾಲದ ಪ್ರಮುಖ ಅಭಿನೇತ್ರಿ, ಬಾಂಬೆ ಟಾಕೀಸ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು ಹಾಗೂ ಕೆಲವು ಕಾಲ ಅದರ ಮುಖ್ಯಸ್ಥೆ. ಭಾರತ ಸರ್ಕಾರವು ಚಲನಚಿತ್ರ ಕ್ಷೇತ್ರದ ಸೇವೆಗಾಗಿ ಸ್ಥಾಪಿಸಿದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದವರಲ್ಲಿ ಇವರೇ ಮೊದಲಿಗರು. ನಟಿಯಾಗಿ ತೆರೆಯ ಮೇಲೆ ಕಾಣಿಸಿಕೊಳ್ಳುವ ಮುನ್ನವೇ ಇವರು ಜರ್ಮನಿಯ ಬರ್ಲಿನ್ ನಗರದ ಉಫಾ ಸ್ಟುಡಿಯೋದಲ್ಲಿ ಚಿತ್ರನಿರ್ಮಾಣದ ತರಬೇತಿ ಪಡೆದಿದ್ದರು. ಜರ್ಮನ್ ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ತೆಗೆದ ಇವರ ಭಾವಚಿತ್ರಗಳು ಇಂದು ಭಾರತೀಯ ಚಿತ್ರರಂಗದ ಇತಿಹಾಸಕ್ಕೆ ಮುಖ್ಯ ಆಕರಗಳಾಗಿವೆ. 1945ರಲ್ಲಿ ಚಿತ್ರರಂಗದಿಂದ ನಿವೃತ್ತರಾದ ಇವರು ರಷ್ಯನ್ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ವಿವಾಹವಾಗಿ, ಮುಂದೆ ಬೆಂಗಳೂರಿನ ಸಮೀಪದ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದರು.

ಜನನ ಮತ್ತು ಮನೆತನ

ದೇವಿಕಾ ರಾಣಿ ಚೌಧುರಿ ಅವರು ಇಂದಿನ ಆಂಧ್ರಪ್ರದೇಶದ ವಿಶಾಖಪಟ್ಟಣಕ್ಕೆ ಸೇರಿದ ವಾಲ್ಟೇರ್‌ನಲ್ಲಿ ಬಂಗಾಳಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಕರ್ನಲ್ ಮನ್ಮಥನಾಥ ಚೌಧುರಿ ಮದರಾಸು ಪ್ರಾಂತ್ಯದ ಸರ್ಜನ್ ಜನರಲ್ ಹುದ್ದೆಗೇರಿದ ಮೊದಲ ಭಾರತೀಯರು. ತಾಯಿ ಲೀಲಾದೇವಿ. ಬಂಗಾಳಿ ಸಾಹಿತಿ ಪ್ರಮಥ ಚೌಧುರಿ ಮತ್ತು ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಆಶುತೋಷ ಚೌಧುರಿ ಇವರ ದೊಡ್ಡಪ್ಪಂದಿರು. ರವೀಂದ್ರನಾಥ ಠಾಕೂರರ ಮನೆತನಕ್ಕೂ ಈ ಕುಟುಂಬಕ್ಕೂ ಬಂಧುತ್ವವಿತ್ತು. 'ರಾಣಿ' ಎಂಬುದು ಇವರ ಹೆಸರಿನ ಭಾಗವೇ ಹೊರತು ರಾಜಮನೆತನವನ್ನು ಸೂಚಿಸುವ ಬಿರುದಲ್ಲ. ನಟಿಯರು ಮನೆಯ ಹೆಸರನ್ನು ಮರೆಮಾಚಿ ಬೇರೆ ಹೆಸರಿನಿಂದ ತೆರೆಗೆ ಬರುತ್ತಿದ್ದ ಕಾಲದಲ್ಲಿ ಇವರು ಹುಟ್ಟಿನ ಹೆಸರನ್ನೇ ಉಳಿಸಿಕೊಂಡರು.

ವಿದ್ಯಾಭ್ಯಾಸ

ಬಾಲ್ಯದಲ್ಲಿಯೇ ಇವರನ್ನು ಇಂಗ್ಲೆಂಡಿನ ವಸತಿ ಶಾಲೆಗೆ ಕಳುಹಿಸಲಾಯಿತು. ಶಾಲಾಶಿಕ್ಷಣ ಮುಗಿದ ನಂತರ 1920ರ ದಶಕದ ಮಧ್ಯಭಾಗದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ ಹಾಗೂ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಗಳಲ್ಲಿ ಅಭಿನಯ ಮತ್ತು ಸಂಗೀತವನ್ನು ಅಭ್ಯಸಿಸಿದರು. ಇವುಗಳ ಜೊತೆಗೆ ವಾಸ್ತುಶಿಲ್ಪ, ಜವಳಿ ವಿನ್ಯಾಸ ಮತ್ತು ಅಲಂಕಾರ ಕಲೆಯನ್ನೂ ಕಲಿತರು. ಈ ಕಲಿಕೆಯೇ ಅವರನ್ನು ಚಿತ್ರರಂಗಕ್ಕೆ ತಂದಿತು. ಚಿತ್ರರಂಗದಲ್ಲಿ ಅವರು ಮೊದಲು ಮಾಡಿದ ಕೆಲಸ ಅಭಿನಯವಲ್ಲ, ಉಡುಪು ಮತ್ತು ಅಲಂಕಾರದ ವಿನ್ಯಾಸ.

ಹಿಮಾಂಶು ರಾಯ್ ಮತ್ತು ಜರ್ಮನಿಯ ನಂಟು

1928ರಲ್ಲಿ ಲಂಡನ್ನಿನಲ್ಲಿ ದೇವಿಕಾ ರಾಣಿ ಅವರಿಗೆ ಹಿಮಾಂಶು ರಾಯ್ ಅವರ ಪರಿಚಯವಾಯಿತು. ಕಾನೂನು ಓದಲು ಇಂಗ್ಲೆಂಡಿಗೆ ಹೋಗಿದ್ದ ರಾಯ್ ನಾಟಕದ ಕಡೆಗೆ ಒಲಿದು, ಅಲ್ಲಿಂದ ಚಲನಚಿತ್ರ ನಿರ್ಮಾಣಕ್ಕೆ ಬಂದವರು. ಮ್ಯೂನಿಕ್ ನಗರದ ಎಮೆಲ್ಕಾ ಸಂಸ್ಥೆಯ ಸಹಯೋಗದಲ್ಲಿ ಅವರು 1925ರಲ್ಲಿ ಬುದ್ಧನ ಜೀವನವನ್ನು ಆಧರಿಸಿದ 'ಪ್ರೇಮ ಸನ್ಯಾಸ' ಎಂಬ ಮೂಕಿಚಿತ್ರವನ್ನು ನಿರ್ಮಿಸಿದ್ದರು. ಬಂಡವಾಳ, ನಟವರ್ಗ ಮತ್ತು ಹೊರಾಂಗಣ ದೃಶ್ಯಗಳು ಭಾರತದವು. ಕ್ಯಾಮೆರಾ, ತಂತ್ರಜ್ಞರು ಮತ್ತು ನಿರ್ದೇಶಕ ಜರ್ಮನಿಯವರು. ನಿರ್ದೇಶಕ ಫ್ರಾಂಜ್ ಓಸ್ಟೆನ್ ಅವರೊಂದಿಗೆ ಭಾರತಕ್ಕೆ ಬಂದಿದ್ದ ತಂಡದಲ್ಲಿ ಯೋಸೆಫ್ ವಿರ್ಶಿಂಗ್ ಎಂಬ ಇಪ್ಪತ್ತೆರಡರ ಹರೆಯದ ಛಾಯಾಗ್ರಾಹಕನೂ ಇದ್ದನು.

1928ರಲ್ಲಿ ತಾಜಮಹಲಿನ ಕಥೆಯನ್ನಾಧರಿಸಿದ 'ಶಿರಾಜ್', 1929ರಲ್ಲಿ ಮಹಾಭಾರತದ ಜೂಜಿನ ಪ್ರಸಂಗದಿಂದ ಪ್ರೇರಿತವಾದ 'ಪ್ರಪಂಚ ಪಾಶ' ತೆರೆಗೆ ಬಂದವು. ಈ ಎರಡನ್ನೂ ಓಸ್ಟೆನ್ ಅವರೇ ನಿರ್ದೇಶಿಸಿದರು. 'ಪ್ರಪಂಚ ಪಾಶ' ಚಿತ್ರದ ಸಿದ್ಧತೆಯಲ್ಲಿದ್ದ ರಾಯ್ ಅವರ ಆಹ್ವಾನದ ಮೇರೆಗೆ ದೇವಿಕಾ ರಾಣಿ ಅದರ ಉಡುಪು ಮತ್ತು ಕಲಾವಿಭಾಗದಲ್ಲಿ ನೆರವಾದರು. 1929ರಲ್ಲಿ ಇಬ್ಬರೂ ವಿವಾಹವಾದರು. ರಾಯ್ ಅವರಿಗೆ ಇದಕ್ಕೂ ಮೊದಲು ಮೇರಿ ಹೈನ್ಲಿನ್ ಎಂಬ ಜರ್ಮನ್ ಕಲಾವಿದೆಯೊಂದಿಗೆ ಸಂಸಾರವಿದ್ದು, ಒಬ್ಬ ಮಗಳಿದ್ದಳು. ಜರ್ಮನಿಯಲ್ಲಿಯೇ ಉಳಿದ ಆ ಕುಟುಂಬದ ವಿಚಾರ ಈ ಲೇಖನದ ಕೊನೆಯ ಭಾಗದಲ್ಲಿ ಮತ್ತೆ ಬರುತ್ತದೆ.

ಬರ್ಲಿನ್‌ನ ದಿನಗಳು

ವಿವಾಹದ ನಂತರ ದಂಪತಿ 'ಪ್ರಪಂಚ ಪಾಶ' ಚಿತ್ರದ ಉಳಿದ ಕೆಲಸಗಳಿಗಾಗಿ ಜರ್ಮನಿಗೆ ತೆರಳಿದರು. ಬರ್ಲಿನ್ ಸಮೀಪದ ಬಾಬೆಲ್ಸ್‌ಬರ್ಗ್‌ನಲ್ಲಿದ್ದ ಉಫಾ ಸ್ಟುಡಿಯೋ ಆಗ ಯೂರೋಪಿನ ಅತಿದೊಡ್ಡ ಚಿತ್ರನಿರ್ಮಾಣ ಕೇಂದ್ರಗಳಲ್ಲಿ ಒಂದು. ಮೂಕಿಚಿತ್ರಗಳ ಯುಗ ಮುಗಿದು ವಾಕ್ಚಿತ್ರಗಳು ಕಾಲಿಡುತ್ತಿದ್ದ ಸಂಧಿಕಾಲವದು. ಧ್ವನಿಮುದ್ರಣಕ್ಕಾಗಿ ಹೊಸದಾಗಿ ಕಟ್ಟಿದ ಸ್ಟುಡಿಯೋ ಭವನವು 1929ರಲ್ಲಿ ಬಾಬೆಲ್ಸ್‌ಬರ್ಗ್‌ನಲ್ಲಿ ಕಾರ್ಯಾರಂಭ ಮಾಡಿತ್ತು. ಮಾರ್ಲೀನ್ ಡೀಟ್ರಿಶ್ ಅವರನ್ನು ವಿಶ್ವವಿಖ್ಯಾತರನ್ನಾಗಿಸಿದ 'ನೀಲಿ ದೇವತೆ' ಚಿತ್ರದ ಚಿತ್ರೀಕರಣ ನಡೆದದ್ದೂ ಅಲ್ಲಿಯೇ, 1929ರ ಕೊನೆ ಮತ್ತು 1930ರ ಆರಂಭದ ತಿಂಗಳುಗಳಲ್ಲಿ.

ರಾಯ್ ನಿರ್ಮಾಣ ವಿಧಾನಗಳನ್ನು ಅರಿಯುತ್ತಿದ್ದರೆ, ದೇವಿಕಾ ರಾಣಿ ಪ್ರಸಾಧನ, ಉಡುಪು, ರಂಗಸಜ್ಜು ಮೊದಲಾದ ವಿಭಾಗಗಳಲ್ಲಿ ತರಬೇತಿ ಪಡೆದರು. ಕಪ್ಪು-ಬಿಳುಪಿನ ಚಿತ್ರದಲ್ಲಿ ಯಾವ ಬಣ್ಣದ ಬಟ್ಟೆ ಹೇಗೆ ಕಾಣುತ್ತದೆ, ಮುಖದ ಮೇಲೆ ಬೆಳಕು ಎಲ್ಲಿ ಬಿದ್ದರೆ ಭಾವ ಸ್ಪಷ್ಟವಾಗುತ್ತದೆ, ಪ್ರಸಾಧನ ಎಷ್ಟಾದರೆ ಸಾಕು ಎಂಬಿವು ಅಲ್ಲಿ ಶಾಸ್ತ್ರೋಕ್ತವಾಗಿ ಕಲಿಯಬೇಕಾದ ವಿದ್ಯೆಗಳಾಗಿದ್ದವು. ತಮ್ಮ ಮುಖ ತೆರೆಗೆ ಬರುವುದಕ್ಕಿಂತ ಮೊದಲು, ತೆರೆಗಾಗಿ ಒಂದು ಮುಖವನ್ನು ಹೇಗೆ ಸಿದ್ಧಪಡಿಸಲಾಗುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು. ಇದೇ ಅವಧಿಯಲ್ಲಿ ದಂಪತಿ ಯೂರೋಪಿನ ಕೆಲವೆಡೆ ನಾಟಕ ಪ್ರದರ್ಶನಗಳಲ್ಲಿಯೂ ಪಾಲ್ಗೊಂಡರು.

ಜರ್ಮನಿಯ ತಾರಾ ಕಾರ್ಡ್‌ಗಳು

ದೇವಿಕಾ ರಾಣಿ ಬರ್ಲಿನ್‌ನಲ್ಲಿದ್ದ ಕಾಲವು ಜರ್ಮನಿಯಲ್ಲಿ ಚಿತ್ರತಾರೆಯರ ಅಂಚೆ ಕಾರ್ಡ್‌ಗಳ ಉಚ್ಛ್ರಾಯ ಕಾಲವೂ ಆಗಿತ್ತು. ಒಂದು ಬದಿಯಲ್ಲಿ ನಟ ಅಥವಾ ನಟಿಯ ಭಾವಚಿತ್ರ, ಇನ್ನೊಂದು ಬದಿಯಲ್ಲಿ ವಿಳಾಸ ಮತ್ತು ಒಕ್ಕಣೆಗೆ ಜಾಗ. ಸುಮಾರು 9 ಸೆಂಟಿಮೀಟರ್ ಅಗಲ, 14 ಸೆಂಟಿಮೀಟರ್ ಉದ್ದದ ಈ ಕಾರ್ಡ್‌ಗಳನ್ನು ಪ್ರಕಟಿಸುತ್ತಿದ್ದವರಲ್ಲಿ ಬರ್ಲಿನ್‌ನ ರಾಸ್ ಪ್ರಕಾಶನವು ಅಗ್ರಗಣ್ಯ. ಹೆನ್ನಿ ಪೋರ್ಟೆನ್, ಲಿಲ್ ಡಾಗೋವರ್, ಬ್ರಿಗಿಟ್ಟೆ ಹೆಲ್ಮ್, ಲಿಲಿಯನ್ ಹಾರ್ವೆ, ವಿಲ್ಲಿ ಫ್ರಿಚ್, ಕೊನ್ರಾಡ್ ಫೈಟ್, ಎಮಿಲ್ ಯಾನಿಂಗ್ಸ್ ಮೊದಲಾದವರ ಕಾರ್ಡ್‌ಗಳನ್ನು ಅದು ಹೊರತಂದಿತು.

ಈ ಕಾರ್ಡ್‌ಗಳಲ್ಲಿ ಅನೇಕವು ಅಚ್ಚುಕಲ್ಲಿನಿಂದ ತೆಗೆದ ಪ್ರತಿಗಳಲ್ಲ. ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಮೂಡಿಸಿದ ನಿಜವಾದ ಛಾಯಾಚಿತ್ರಗಳು. ಕೆಳಅಂಚಿನಲ್ಲಿ ತಾರೆಯ ಹೆಸರು, ಕಾರ್ಡಿನ ಕ್ರಮಸಂಖ್ಯೆ, ಛಾಯಾಚಿತ್ರ ತೆಗೆದ ಸ್ಟುಡಿಯೋ ಅಥವಾ ಚಿತ್ರಸಂಸ್ಥೆಯ ಹೆಸರು ಇರುತ್ತಿದ್ದವು. ಅಭಿಮಾನಿಗಳು ಕಾರ್ಡನ್ನು ಕೊಂಡು, ಮರಳಿ ಕಳುಹಿಸಲು ಬೇಕಾದ ಅಂಚೆಚೀಟಿಯೊಡನೆ ತಾರೆಗೆ ಕಳುಹಿಸಿ ಹಸ್ತಾಕ್ಷರ ಪಡೆಯುತ್ತಿದ್ದರು. ದೂರದ ಊರಿನ ಸಾಮಾನ್ಯ ಪ್ರೇಕ್ಷಕನಿಗೆ ತಾರೆಯೊಡನೆ ಇದ್ದ ಏಕೈಕ ನೇರ ಸಂಬಂಧ ಆ ಒಂದು ಸಾಲಿನ ಶಾಯಿಬರಹವೇ.

ರಾಸ್ ಪ್ರಕಾಶನದ ಮುಂದಿನ ಚರಿತ್ರೆ ಜರ್ಮನಿಯ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. ಸ್ಥಾಪಕ ಹೈನ್ರಿಶ್ ರಾಸ್ ಯಹೂದಿ. ನಾಜಿ ಆಡಳಿತದಲ್ಲಿ ಅವರು ತಮ್ಮ ಸಂಸ್ಥೆಯನ್ನೇ ಬಿಟ್ಟುಕೊಡಬೇಕಾಯಿತು ಮತ್ತು ಕೊನೆಗೆ ಅಮೆರಿಕಕ್ಕೆ ವಲಸೆ ಹೋದರು. ಅವರು ಹೊರನಡೆದ ಮೇಲೂ ಕೆಲವು ವರ್ಷ ಕಾರ್ಡ್‌ಗಳ ಮೇಲೆ ಅವರ ಹೆಸರು ಉಳಿದಿತ್ತು. ಕೊನ್ರಾಡ್ ಫೈಟ್ ಅವರಂತಹ ತಾರೆಗಳೂ ದೇಶ ತೊರೆದರು. ಹೀಗಾಗಿ ಈ ಪುಟ್ಟ ಕಾರ್ಡ್‌ಗಳು ಸಿನಿಮಾದ ಸವಿನೆನಪುಗಳಷ್ಟೇ ಅಲ್ಲದೆ, ಚದುರಿಹೋದ ಒಂದು ಕಲಾಲೋಕದ ದಾಖಲೆಗಳೂ ಆಗಿವೆ.

ಮೊದಲ ಚಿತ್ರ 'ಕರ್ಮ'

ಜರ್ಮನಿಯಲ್ಲಿ ರಾಜಕೀಯ ಮತ್ತು ಆರ್ಥಿಕ ಪರಿಸ್ಥಿತಿ ಹದಗೆಡುತ್ತಿದ್ದಂತೆ ಸಹನಿರ್ಮಾಣದ ದಾರಿ ಕಿರಿದಾಯಿತು. ರಾಯ್ ಅವರ ಮುಂದಿನ ಚಿತ್ರ 'ಕರ್ಮ' 1933ರಲ್ಲಿ ಲಂಡನ್ನಿನಲ್ಲಿ ತೆರೆಕಂಡಿತು. ಜೆ. ಎಲ್. ಫ್ರೀರ್ ಹಂಟ್ ನಿರ್ದೇಶನದ ಈ ವಾಕ್ಚಿತ್ರವನ್ನು ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲಿಯೂ ತಯಾರಿಸಲಾಗಿತ್ತು. ನೆರೆಹೊರೆಯ ಎರಡು ರಾಜ್ಯಗಳ ಮಹಾರಾಣಿ ಮತ್ತು ರಾಜಕುಮಾರರ ಪ್ರೇಮಕಥೆಯಲ್ಲಿ ದೇವಿಕಾ ರಾಣಿ ಮತ್ತು ಹಿಮಾಂಶು ರಾಯ್ ಅವರೇ ಪ್ರಧಾನ ಪಾತ್ರಗಳನ್ನು ನಿರ್ವಹಿಸಿದರು. ಇದು ನಟಿಯಾಗಿ ದೇವಿಕಾ ರಾಣಿ ಅವರ ಮೊದಲ ಚಿತ್ರ. ಲಂಡನ್ನಿನ ಪತ್ರಿಕೆಗಳು ಅವರ ರೂಪ ಮತ್ತು ಇಂಗ್ಲಿಷ್ ಉಚ್ಚಾರಣೆಯನ್ನು ಮೆಚ್ಚಿದವು. ಭಾರತದಲ್ಲಿ ಚಿತ್ರಕ್ಕೆ ಅಂತಹ ಯಶಸ್ಸು ದೊರೆಯಲಿಲ್ಲ. ಚಿತ್ರದಲ್ಲಿನ ಚುಂಬನ ದೃಶ್ಯ ಮಾತ್ರ ಇಂದಿಗೂ ಚರ್ಚೆಯಲ್ಲಿದ್ದು, ಅದರ ಅವಧಿಯ ಬಗ್ಗೆ ಉತ್ಪ್ರೇಕ್ಷಿತ ಸಂಗತಿಗಳು ಪ್ರಚಾರದಲ್ಲಿವೆ. ಒಂದು ದೃಶ್ಯದ ಖ್ಯಾತಿಯಿಂದಾಗಿ ಚಿತ್ರದ ಮಹತ್ವ ಹಿಂದೆ ಸರಿದಿದೆ: ಭಾರತೀಯ ನಿರ್ಮಾಪಕರೊಬ್ಬರು ತಯಾರಿಸಿದ ಮೊದಲ ಇಂಗ್ಲಿಷ್ ವಾಕ್ಚಿತ್ರಗಳಲ್ಲಿ ಇದೂ ಒಂದು.

ಬಾಂಬೆ ಟಾಕೀಸ್

1934ರಲ್ಲಿ ದಂಪತಿ ಬಾಂಬೆಯ ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ಷೇರುದಾರರಿರುವ ನಿಯಮಿತ ಕಂಪನಿಯಾಗಿ, ಕ್ರಮಬದ್ಧ ಲೆಕ್ಕಪತ್ರ ಮತ್ತು ನಿಗದಿತ ಸಂಬಳದ ನೌಕರವರ್ಗದೊಂದಿಗೆ ಇದು ನಡೆಯಿತು. ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು ತರಬೇತಿ ನೀಡುವುದು ಸಂಸ್ಥೆಯ ಪದ್ಧತಿಯಾಗಿತ್ತು. ಚಿತ್ರರಂಗದ ಕೆಲಸವನ್ನು ಮಾನವಂತರ ಮನೆಗಳವರು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ಇದು ದೊಡ್ಡ ಬದಲಾವಣೆ.

ಬರ್ಲಿನ್ ಮತ್ತು ಮ್ಯೂನಿಕ್‌ಗಳ ನಂಟು ಈಗ ಮಲಾಡ್‌ಗೆ ಬಂದಿತು. ನಿರ್ದೇಶಕ ಫ್ರಾಂಜ್ ಓಸ್ಟೆನ್, ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್, ರಂಗಸಜ್ಜಿನ ಕಾರ್ಲ್ ಫಾನ್ ಸ್ಪ್ರೇಟಿ, ಪ್ರಯೋಗಾಲಯದ ವಿಲ್ಹೆಲ್ಮ್ ಜೋಲ್ಲೆ ಇವರೆಲ್ಲ ಜರ್ಮನರು. ಕಥೆ ಮತ್ತು ಚಿತ್ರಕಥೆಗಳನ್ನು ನಿರಂಜನ ಪಾಲ್ ಬರೆಯುತ್ತಿದ್ದರು. ಸಂಗೀತ ವಿಭಾಗವನ್ನು ನೋಡಿಕೊಂಡ ಸರಸ್ವತಿ ದೇವಿ ಪಾರ್ಸಿ ಕುಟುಂಬದವರು. ಹಿಂದಿ ಚಿತ್ರರಂಗದ ಆರಂಭದ ಮಹಿಳಾ ಸಂಗೀತ ನಿರ್ದೇಶಕರಲ್ಲಿ ಒಬ್ಬರು. ಹಿಂದಿ ಬಾರದ ಓಸ್ಟೆನ್ ಹಿಂದಿ ಚಿತ್ರಗಳನ್ನು ನಿರ್ದೇಶಿಸಿದರು. ಸಂಭಾಷಣೆಯ ಹೊಣೆಯನ್ನು ಭಾರತೀಯ ಸಹಾಯಕರು ಹೊತ್ತರು.

ಸಂಸ್ಥೆಯ ಮೊದಲ ಚಿತ್ರ 'ಜವಾನಿ ಕಿ ಹವಾ' 1935ರಲ್ಲಿ ತೆರೆಕಂಡಿತು. ಇದರ ನಾಯಕ ನಜ್ಮುಲ್ ಹುಸೇನ್. ಮುಂದಿನ ಚಿತ್ರ 'ಜೀವನ ನೈಯಾ' ತಯಾರಾಗುತ್ತಿದ್ದಾಗ ದೇವಿಕಾ ರಾಣಿ ಮತ್ತು ಹುಸೇನ್ ಸಂಸ್ಥೆಯನ್ನು ತೊರೆದು ಕಲ್ಕತ್ತಾಕ್ಕೆ ಹೋದರು. ಸಂಸ್ಥೆಯ ಶಶಧರ ಮುಖರ್ಜಿ ಅವರ ಮಧ್ಯಸ್ಥಿಕೆಯಿಂದ ದೇವಿಕಾ ರಾಣಿ ಮರಳಿದರು. ಹುಸೇನ್ ಅವರನ್ನು ಕೆಲಸದಿಂದ ತೆಗೆಯಲಾಯಿತು. ತೆರವಾದ ನಾಯಕನ ಪಾತ್ರಕ್ಕೆ ರಾಯ್ ತಮ್ಮದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಕುಮುದಲಾಲ್ ಗಂಗೂಲಿ ಎಂಬ ತರುಣನನ್ನು ಆರಿಸಿದರು. ಆತನೇ ಮುಂದೆ ಅಶೋಕ್ ಕುಮಾರ್ ಎಂಬ ಹೆಸರಿನಿಂದ ಹೆಸರಾದ ನಟ.

1936ರ 'ಅಛೂತ್ ಕನ್ಯಾ' ಇಬ್ಬರಿಗೂ ಅಪಾರ ಖ್ಯಾತಿ ತಂದಿತು. ರೈಲ್ವೆ ಗೇಟಿನ ಕಾವಲುಗಾರನ ಮಗಳಾದ ದಲಿತ ಯುವತಿ ಕಸ್ತೂರಿ ಮತ್ತು ಬ್ರಾಹ್ಮಣ ಯುವಕ ಪ್ರತಾಪನ ನಡುವಿನ ಪ್ರೇಮ ದುರಂತದಲ್ಲಿ ಕೊನೆಗೊಳ್ಳುವ ಕಥೆ ಇದು. ಅಸ್ಪೃಶ್ಯತೆಯ ವಿರುದ್ಧ ದೇಶದಲ್ಲಿ ಚಳವಳಿ ನಡೆಯುತ್ತಿದ್ದ ಕಾಲದಲ್ಲಿ ಬಂದ ಈ ಚಿತ್ರವು ಜಾತಿಯ ಕ್ರೌರ್ಯವನ್ನು ಜನಪ್ರಿಯ ಸಿನಿಮಾದ ಚೌಕಟ್ಟಿನೊಳಗೆ ತಂದಿತು. ಹಳ್ಳಿಯ ಬಡ ಯುವತಿಯ ಪಾತ್ರದಲ್ಲಿ ದೇವಿಕಾ ರಾಣಿ ಅವರ ತಿದ್ದಿದ ಹುಬ್ಬು ಮತ್ತು ನಯವಾದ ಉಡುಪು ಪಾತ್ರಕ್ಕೆ ಹೊಂದುವುದಿಲ್ಲ ಎಂಬ ಟೀಕೆಯೂ ಉಂಟು. ಬರ್ಲಿನ್‌ನಲ್ಲಿ ಕಲಿತ ಅಲಂಕಾರ ವಿದ್ಯೆಯ ಶಕ್ತಿ ಮತ್ತು ಮಿತಿ ಎರಡನ್ನೂ ಈ ಚಿತ್ರದಲ್ಲಿ ಕಾಣಬಹುದು. ಅನಂತರ 'ಜನ್ಮಭೂಮಿ', 'ಇಜ್ಜತ್', 'ಜೀವನ ಪ್ರಭಾತ', 'ಸಾವಿತ್ರಿ', 'ನಿರ್ಮಲಾ', 'ವಚನ', 'ದುರ್ಗಾ' ಚಿತ್ರಗಳು ಬಂದವು.

ವಿರ್ಶಿಂಗ್ ಅವರ ಭಾವಚಿತ್ರಗಳು

ಯೋಸೆಫ್ ವಿರ್ಶಿಂಗ್ ಚಲನಚಿತ್ರದ ಕ್ಯಾಮೆರಾದ ಜೊತೆಗೆ ಸ್ಥಿರಚಿತ್ರದ ಕ್ಯಾಮೆರಾವನ್ನೂ ಬಳಸುತ್ತಿದ್ದರು. ಚಿತ್ರೀಕರಣದ ನಡುವಿನ ಬಿಡುವು, ರಂಗಸಜ್ಜು, ಬೆಳಕಿನ ಸಿದ್ಧತೆ, ತಂತ್ರಜ್ಞರ ಕೆಲಸ ಮತ್ತು ನಟನಟಿಯರ ಭಾವಚಿತ್ರಗಳನ್ನು ಅವರು ಸೆರೆಹಿಡಿದರು. ಬೆಳಕು ಮತ್ತು ನೆರಳುಗಳ ತೀವ್ರ ವ್ಯತ್ಯಾಸವನ್ನು ಬಳಸಿ ಭಾವವನ್ನು ಮೂಡಿಸುವ ಜರ್ಮನ್ ಪದ್ಧತಿ ಈ ಭಾವಚಿತ್ರಗಳಲ್ಲಿ ಸ್ಪಷ್ಟ. ದೇವಿಕಾ ರಾಣಿ ಅವರ ಮುಖದ ಒಂದು ಪಾರ್ಶ್ವವನ್ನು ಬೆಳಗಿಸಿ ಇನ್ನೊಂದನ್ನು ನೆರಳಿಗೆ ಬಿಟ್ಟ ಚಿತ್ರಗಳು ಬರ್ಲಿನ್‌ನ ತಾರಾ ಕಾರ್ಡ್‌ಗಳ ಶೈಲಿಯನ್ನು ನೆನಪಿಸುತ್ತವೆ. ಆದರೆ ಚಿತ್ರದಲ್ಲಿರುವುದು ಸೀರೆಯ ಸೆರಗು, ಹಣೆಯ ಬೊಟ್ಟು, ಮುಡಿದ ಹೂವು.

ಭಾರತದಲ್ಲಿಯೂ ಈ ಹೊತ್ತಿಗೆ ನಟನಟಿಯರ ಛಾಯಾಚಿತ್ರದ ಕಾರ್ಡ್‌ಗಳು, ಹಾಡಿನ ಪುಸ್ತಿಕೆಗಳು ಮತ್ತು ಚಿತ್ರಪತ್ರಿಕೆಗಳು ಮಾರಾಟವಾಗುತ್ತಿದ್ದವು. ಚಿತ್ರಮಂದಿರವಿಲ್ಲದ ಊರುಗಳಿಗೂ ತಾರೆಯರ ಮುಖ ತಲುಪಿದ್ದು ಇವುಗಳ ಮೂಲಕ. ದೇವಿಕಾ ರಾಣಿ ಅವರು ಸಿನಿಮಾ ನೋಡದವರಿಗೂ ಪರಿಚಿತರಾದುದರ ಹಿಂದೆ ಇಂತಹ ಚಿತ್ರಗಳ ಪಾತ್ರವಿದೆ.

ಯುದ್ಧ, ವೈಧವ್ಯ ಮತ್ತು ಸಂಸ್ಥೆಯ ಒಡಕು

1939ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರವು ಭಾರತದಲ್ಲಿದ್ದ ಜರ್ಮನ್ ಪ್ರಜೆಗಳನ್ನು ಬಂಧಿಸಿತು. ಬಾಂಬೆ ಟಾಕೀಸ್ ತನ್ನ ನಿರ್ದೇಶಕ ಮತ್ತು ಛಾಯಾಗ್ರಾಹಕರನ್ನು ಒಮ್ಮೆಲೇ ಕಳೆದುಕೊಂಡಿತು. 1936ರಲ್ಲಿ ನಾಜಿ ಪಕ್ಷದ ಸದಸ್ಯತ್ವ ಪಡೆದಿದ್ದ ಓಸ್ಟೆನ್ ಮುಂದೆ ಜರ್ಮನಿಗೆ ಮರಳಿದರು. ವಿರ್ಶಿಂಗ್ ಯುದ್ಧ ಮುಗಿಯುವವರೆಗೆ ಬಂಧನ ಶಿಬಿರಗಳಲ್ಲಿದ್ದು, ಬಿಡುಗಡೆಯ ನಂತರ ಭಾರತದಲ್ಲಿಯೇ ಉಳಿದು 'ಮಹಲ್' ಮತ್ತು 'ಪಾಕೀಜಾ' ಮೊದಲಾದ ಚಿತ್ರಗಳಿಗೆ ಕೆಲಸ ಮಾಡಿದರು.

1940ರ ಮೇ ತಿಂಗಳಲ್ಲಿ ಹಿಮಾಂಶು ರಾಯ್ ನಿಧನರಾದರು. ಮೂವತ್ತೆರಡರ ವಯಸ್ಸಿನಲ್ಲಿ ವಿಧವೆಯಾದ ದೇವಿಕಾ ರಾಣಿ ಸಂಸ್ಥೆಯ ಆಡಳಿತವನ್ನು ಕೈಗೆತ್ತಿಕೊಂಡರು. ಹೆಣ್ಣೊಬ್ಬಳು ಅಷ್ಟು ದೊಡ್ಡ ಸ್ಟುಡಿಯೋವನ್ನು ನಡೆಸುವುದು ಅಂದು ಅಪರೂಪ. ಅವರು ಮತ್ತು ಶಶಧರ ಮುಖರ್ಜಿ ಪ್ರತ್ಯೇಕ ತಂಡಗಳಲ್ಲಿ ಚಿತ್ರಗಳನ್ನು ತಯಾರಿಸತೊಡಗಿದರು. ಈ ವರ್ಷಗಳಲ್ಲಿ 'ಬಂಧನ', 'ನಯಾ ಸಂಸಾರ', 'ಝೂಲಾ', 'ಬಸಂತ್' ಮತ್ತು 'ಕಿಸ್ಮತ್' ತೆರೆಕಂಡವು. 1943ರ 'ಕಿಸ್ಮತ್' ಕಲ್ಕತ್ತಾದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಪ್ರದರ್ಶನ ಕಂಡಿತು. ಧಾರವಾಡದಲ್ಲಿ ಜನಿಸಿದ ಲೀಲಾ ಚಿಟ್ನಿಸ್ ಈ ಅವಧಿಯಲ್ಲಿ ಬಾಂಬೆ ಟಾಕೀಸ್‌ನ ಪ್ರಮುಖ ನಾಯಕಿಯಾದರು. 'ಬಸಂತ್' ಚಿತ್ರದಲ್ಲಿ ಬೇಬಿ ಮುಮ್ತಾಜ್ ಎಂಬ ಬಾಲನಟಿಯಾಗಿ ಕಾಣಿಸಿಕೊಂಡವರು ಮುಂದಿನ ಮಧುಬಾಲಾ. ಯೂಸುಫ್ ಖಾನ್ ಎಂಬ ತರುಣನನ್ನು ನಟನಾಗಿ ನೇಮಿಸಿಕೊಂಡವರು ದೇವಿಕಾ ರಾಣಿ. ಆತನು ದಿಲೀಪ್ ಕುಮಾರ್ ಎಂಬ ಹೆಸರಿನಿಂದ 1944ರ 'ಜ್ವಾರ್ ಭಾಟಾ' ಚಿತ್ರದಲ್ಲಿ ಮೊದಲ ಬಾರಿಗೆ ನಟಿಸಿದನು.

ಆದರೆ ಎರಡು ತಂಡಗಳ ಭಿನ್ನಾಭಿಪ್ರಾಯ ಕೊನೆಗೆ ಒಡಕಿಗೆ ದಾರಿಯಾಯಿತು. 1943ರಲ್ಲಿ ಶಶಧರ ಮುಖರ್ಜಿ, ಅಶೋಕ್ ಕುಮಾರ್ ಮೊದಲಾದವರು ಹೊರಬಂದು ಫಿಲ್ಮಿಸ್ತಾನ್ ಸಂಸ್ಥೆಯನ್ನು ಆರಂಭಿಸಿದರು. ಅದೇ ವರ್ಷದ 'ಹಮಾರಿ ಬಾತ್' ದೇವಿಕಾ ರಾಣಿ ನಟಿಸಿದ ಕೊನೆಯ ಚಿತ್ರ. 1945ರಲ್ಲಿ ಅವರು ತಮ್ಮ ಷೇರುಗಳನ್ನು ಮಾರಿ ಚಿತ್ರರಂಗದಿಂದ ನಿವೃತ್ತರಾದರು. ಆಗ ಅವರ ವಯಸ್ಸು 37. ಬಾಂಬೆ ಟಾಕೀಸ್ ಅನಂತರ ಒಂದು ದಶಕವನ್ನೂ ಪೂರೈಸದೆ ಮುಚ್ಚಿತು.

ರೋರಿಕ್ ದಾಂಪತ್ಯ ಮತ್ತು ಬೆಂಗಳೂರಿನ ಜೀವನ

1945ರಲ್ಲಿಯೇ ದೇವಿಕಾ ರಾಣಿ ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ವಿವಾಹವಾದರು. ಸ್ವೆತೊಸ್ಲಾವ್ ಅವರು ಹಿಮಾಲಯದ ಚಿತ್ರಗಳಿಗೆ ಪ್ರಸಿದ್ಧರಾದ ನಿಕೊಲಸ್ ರೋರಿಕ್ ಅವರ ಪುತ್ರ. ದಂಪತಿ ಮೊದಲು ಕುಲು ಕಣಿವೆಯಲ್ಲಿದ್ದು, ಆಮೇಲೆ ಬೆಂಗಳೂರಿಗೆ ಬಂದರು. ಕನಕಪುರ ರಸ್ತೆಯ ತಾತಗುಣಿಯಲ್ಲಿ 450 ಎಕರೆಗೂ ಹೆಚ್ಚು ವಿಸ್ತಾರದ ಎಸ್ಟೇಟನ್ನು ಹೊಂದಿ, ಅಲ್ಲಿ ಸುಗಂಧತೈಲ ನೀಡುವ ಲಿನಾಲೋ ಮರಗಳನ್ನು ಬೆಳೆಸಿದರು.

ಸ್ವೆತೊಸ್ಲಾವ್ ಅವರ ಚಿತ್ರಕಲೆಗೆ ಕರ್ನಾಟಕದ ನೆಲ, ಜನ ಮತ್ತು ಬೆಳಕು ವಸ್ತುವಾದವು. ಅವರು ದೇವಿಕಾ ರಾಣಿ ಅವರ ವರ್ಣಚಿತ್ರಗಳನ್ನೂ ರಚಿಸಿದರು. ವಿರ್ಶಿಂಗ್ ಕಪ್ಪು-ಬಿಳುಪಿನಲ್ಲಿ ಹಿಡಿದ ಮುಖವನ್ನು ರೋರಿಕ್ ಬಣ್ಣದಲ್ಲಿ ಕಂಡರು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಬೆಳವಣಿಗೆಗೆ ರೋರಿಕ್ ಬೆಂಬಲವಾಗಿ ನಿಂತರು. ನಿಕೊಲಸ್ ಮತ್ತು ಸ್ವೆತೊಸ್ಲಾವ್ ಇಬ್ಬರ ಕೃತಿಗಳೂ ಅಲ್ಲಿನ ಗ್ಯಾಲರಿಯಲ್ಲಿವೆ.

ದೇವಿಕಾ ರಾಣಿ ಮತ್ತೆ ನಟಿಸಲಿಲ್ಲ. ಆದರೆ ಚಿತ್ರರಂಗದ ಕುರಿತ ಸಾರ್ವಜನಿಕ ಕಾರ್ಯಗಳಿಂದ ದೂರವಾಗಲೂ ಇಲ್ಲ. 1955ರಲ್ಲಿ ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿಯು ಏರ್ಪಡಿಸಿದ ಚಲನಚಿತ್ರ ವಿಚಾರ ಸಂಕಿರಣದಲ್ಲಿ ಅವರು ಮುಖ್ಯ ಪಾತ್ರ ವಹಿಸಿದರು. ತಾತಗುಣಿಯ ಬದುಕು ಬಹುಮಟ್ಟಿಗೆ ಏಕಾಂತದ್ದು. ದಂಪತಿಗೆ ಮಕ್ಕಳಿರಲಿಲ್ಲ.

ನಿಧನ ಮತ್ತು ಆಸ್ತಿಯ ವ್ಯಾಜ್ಯ

1993ರ ಜನವರಿ 30ರಂದು ಸ್ವೆತೊಸ್ಲಾವ್ ರೋರಿಕ್ ಬೆಂಗಳೂರಿನಲ್ಲಿ ನಿಧನರಾದರು. ಮುಂದಿನ ವರ್ಷ, 1994ರ ಮಾರ್ಚ್ 9ರಂದು ದೇವಿಕಾ ರಾಣಿ ಕೊನೆಯುಸಿರೆಳೆದರು. ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು.

ದಂಪತಿಯ ಇಳಿವಯಸ್ಸಿನಲ್ಲಿಯೇ ಎಸ್ಟೇಟಿನ ಒಡೆತನ, ವರ್ಣಚಿತ್ರಗಳು ಮತ್ತು ಬೆಲೆಬಾಳುವ ವಸ್ತುಗಳ ಬಗ್ಗೆ ವಿವಾದಗಳು ತಲೆದೋರಿದ್ದವು. ಎಸ್ಟೇಟು ಮತ್ತು ಕಲಾಸಂಪತ್ತನ್ನು ಸಂರಕ್ಷಿಸುವ ಉದ್ದೇಶದಿಂದ ಕರ್ನಾಟಕ ಸರ್ಕಾರವು 1996ರಲ್ಲಿ ರೋರಿಕ್ ಮತ್ತು ದೇವಿಕಾ ರಾಣಿ ರೋರಿಕ್ ಎಸ್ಟೇಟ್ ಸ್ವಾಧೀನ ಮತ್ತು ವರ್ಗಾವಣೆ ಕಾಯ್ದೆಯನ್ನು ರೂಪಿಸಿತು. ಎಸ್ಟೇಟಿನ ಒಂದು ಭಾಗವನ್ನು ತಾನು ಖರೀದಿಸಿರುವುದಾಗಿ ಹೇಳಿದ ಖಾಸಗಿ ಕಂಪನಿಯೊಂದು ಕಾಯ್ದೆಯನ್ನು ಪ್ರಶ್ನಿಸಿತು. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಕಾಯ್ದೆಯನ್ನು ಎತ್ತಿಹಿಡಿಯಿತು. ಸಂವಿಧಾನದ 300ಎ ವಿಧಿಯ ಅಡಿಯಲ್ಲಿ ಆಸ್ತಿಯ ಹಕ್ಕು ಮತ್ತು ಪರಿಹಾರದ ಪ್ರಶ್ನೆಯನ್ನು ವಿವೇಚಿಸಿದ ಈ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಅಧ್ಯಯನ ಮಾಡುತ್ತಾರೆ. ಹೀಗೆ ಚಿತ್ರರಂಗದ ಇತಿಹಾಸದಲ್ಲಷ್ಟೇ ಅಲ್ಲದೆ ಭಾರತದ ಕಾನೂನಿನ ಇತಿಹಾಸದಲ್ಲಿಯೂ ದೇವಿಕಾ ರಾಣಿ ಅವರ ಹೆಸರು ಉಳಿದಿದೆ.

ಭಾವಚಿತ್ರಗಳ ಉಳಿವು

ಬಾಂಬೆ ಟಾಕೀಸ್‌ನ ಕಾಗದಪತ್ರ ಮತ್ತು ಚಿತ್ರಗಳು ಸಂಸ್ಥೆ ಮುಚ್ಚಿದ ಮೇಲೆ ಒಂದೆಡೆ ಉಳಿಯಲಿಲ್ಲ. ಅವು ಉಳಿದು ಬಂದದ್ದು ಮುಖ್ಯವಾಗಿ ಎರಡು ಕುಟುಂಬಗಳ ಜೋಪಾನದಿಂದ. ಒಂದು, ಭಾರತದಲ್ಲಿಯೇ ನೆಲೆಸಿದ ವಿರ್ಶಿಂಗ್ ಅವರ ಕುಟುಂಬ. ಅವರ ಬಳಿಯಿದ್ದ ಛಾಯಾಚಿತ್ರಗಳನ್ನು 2017ರಲ್ಲಿ ಗೋವಾದ ಸೆರೆಂಡಿಪಿಟಿ ಕಲಾ ಉತ್ಸವದಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಲಾಯಿತು. ಇನ್ನೊಂದು, ಹಿಮಾಂಶು ರಾಯ್ ಅವರ ಜರ್ಮನ್ ಮಗಳ ಕುಟುಂಬ. ಆಸ್ಟ್ರೇಲಿಯಾದಲ್ಲಿ ನೆಲೆಸಿದ ಆ ಕುಟುಂಬದ ಸಂಗ್ರಹದಲ್ಲಿದ್ದ ಛಾಯಾಚಿತ್ರ, ಪತ್ರ ಮತ್ತು ಪ್ರಚಾರ ಸಾಮಗ್ರಿಗಳನ್ನು ಅದೇ ವರ್ಷ ಮೆಲ್ಬರ್ನ್‌ನ ಚಲನಚಿತ್ರ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಲಾಯಿತು. ರಾಯ್ ಬಿಟ್ಟುಬಂದ ಸಂಸಾರದ ಪೀಳಿಗೆಯೇ ಅವರ ಮತ್ತು ದೇವಿಕಾ ರಾಣಿ ಅವರ ಕೆಲಸದ ದಾಖಲೆಗಳನ್ನು ಕಾಪಾಡಿತು ಎಂಬುದು ಗಮನಾರ್ಹ.

ಹಸ್ತಾಕ್ಷರವಿರುವ ಚಿತ್ರಗಳ ಪರೀಕ್ಷೆ

ಹಳೆಯ ತಾರೆಯರ ಹಸ್ತಾಕ್ಷರವುಳ್ಳ ಕಾರ್ಡ್‌ಗಳನ್ನು ಸಂಗ್ರಹಿಸುವ ಹವ್ಯಾಸ ಜರ್ಮನಿಯಲ್ಲಿಯೂ ಭಾರತದಲ್ಲಿಯೂ ಇದೆ. ಇಂತಹ ಚಿತ್ರವನ್ನು ಇತಿಹಾಸದ ಆಕರವಾಗಿ ಬಳಸುವ ಮುನ್ನ ಹಸ್ತಾಕ್ಷರ ನಿಜವೇ ಎಂಬುದನ್ನು ಪರೀಕ್ಷಿಸಬೇಕಾಗುತ್ತದೆ. ಅಭಿಮಾನಿಗಳ ಬೇಡಿಕೆ ಹೆಚ್ಚಿದಂತೆ ಹಸ್ತಾಕ್ಷರವನ್ನು ಚಿತ್ರದೊಂದಿಗೇ ಮುದ್ರಿಸುವುದು, ರಬ್ಬರ್ ಮೊಹರು ಒತ್ತುವುದು, ಕಾರ್ಯದರ್ಶಿಗಳು ತಾರೆಯ ಪರವಾಗಿ ಸಹಿ ಹಾಕುವುದು ಎಲ್ಲ ದೇಶಗಳಲ್ಲಿಯೂ ರೂಢಿಗೆ ಬಂದಿತು.

ಶಾಯಿಯಿಂದ ಹಾಕಿದ ಸಹಿ ಚಿತ್ರದ ಮೇಲ್ಮೈಯ ಮೇಲೆ ನಿಂತಿರುತ್ತದೆ. ಕಾರ್ಡನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಶಾಯಿಯ ಹೊಳಪು ಕಾಗದದ ಹೊಳಪಿಗಿಂತ ಬೇರೆಯಾಗಿ ಕಾಣುತ್ತದೆ. ಲೇಖನಿಯ ಒತ್ತಡ ಹೆಚ್ಚಿದಲ್ಲಿ ಗೆರೆ ದಪ್ಪವಾಗಿ, ಕಡಿಮೆಯಾದಲ್ಲಿ ತೆಳುವಾಗಿರುತ್ತದೆ. ಮುದ್ರಿತ ಸಹಿಯಾದರೆ ಚಿತ್ರದ ಬಣ್ಣದಲ್ಲಿಯೇ ಬೆರೆತು, ಭೂತಗನ್ನಡಿಯಲ್ಲಿ ನೋಡಿದಾಗ ಚಿತ್ರದ ಭಾಗವಾಗಿಯೇ ತೋರುತ್ತದೆ. ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಸಹಿ ಕೂದಲೆಳೆಯಷ್ಟೂ ಬದಲಾಗದಿದ್ದರೆ ಅದು ಕೈಬರಹವಲ್ಲ.

ದೇವಿಕಾ ರಾಣಿ ಅವರ ವಿಷಯದಲ್ಲಿ ಕಾಲನಿರ್ಣಯಕ್ಕೆ ಹೆಸರೂ ನೆರವಾಗುತ್ತದೆ. 1945ರ ವಿವಾಹದ ನಂತರ ಅವರು ದೇವಿಕಾ ರಾಣಿ ರೋರಿಕ್ ಎಂಬ ಹೆಸರನ್ನು ಬಳಸಿದರು. ಆದ್ದರಿಂದ 'ಅಛೂತ್ ಕನ್ಯಾ' ಕಾಲದ ಚಿತ್ರದ ಮೇಲೆ ರೋರಿಕ್ ಎಂದು ಸೇರಿಸಿದ ಸಹಿ ಇದ್ದರೆ, ಚಿತ್ರ 1930ರ ದಶಕದ್ದಾದರೂ ಸಹಿ 1945ರ ನಂತರದ್ದು. ಆದರೆ ರೋರಿಕ್ ಎಂಬ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಸಹಿಯನ್ನು ಹಳೆಯದೆಂದು ನಿರ್ಧರಿಸಲಾಗದು. ಚಿತ್ರದೊಂದಿಗೆ ಬಂದ ಲಕೋಟೆ, ಅಂಚೆ ಮುದ್ರೆ ಮತ್ತು ಪತ್ರಗಳನ್ನು ಬೇರ್ಪಡಿಸದೆ ಇಡುವುದು ಈ ಕಾರಣದಿಂದಲೇ ಮುಖ್ಯ. ಬೆಳ್ಳಿಯ ಲೇಪನವುಳ್ಳ ಹಳೆಯ ಛಾಯಾಚಿತ್ರಗಳು ತೇವ ಮತ್ತು ಬಿಸಿಲಿಗೆ ಬೇಗ ಹಾಳಾಗುತ್ತವೆ. ಅಂಟು ಹಚ್ಚಿ ಆಲ್ಬಮ್ಮಿಗೆ ಅಂಟಿಸಿದರೆ ಹಿಂಬದಿಯ ಬರಹ ಶಾಶ್ವತವಾಗಿ ಮರೆಯಾಗುತ್ತದೆ.

ಪ್ರಶಸ್ತಿ ಮತ್ತು ಗೌರವಗಳು

1958: ಪದ್ಮಶ್ರೀ ಪ್ರಶಸ್ತಿ.
1969: ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಈ ಪ್ರಶಸ್ತಿಯ ಮೊದಲ ಪುರಸ್ಕೃತರು.
2011: ಭಾರತೀಯ ಅಂಚೆ ಇಲಾಖೆಯು ಚಿತ್ರರಂಗದ ಹಿರಿಯ ನಾಯಕಿಯರ ಸ್ಮರಣಾರ್ಥ ಹೊರತಂದ ಅಂಚೆಚೀಟಿಗಳ ಮಾಲಿಕೆಯಲ್ಲಿ ದೇವಿಕಾ ರಾಣಿ ಅವರ ಚಿತ್ರವೂ ಸೇರಿದೆ.

ನಟಿಸಿದ ಚಿತ್ರಗಳು

1933: ಕರ್ಮ
1935: ಜವಾನಿ ಕಿ ಹವಾ
1936: ಜೀವನ ನೈಯಾ, ಅಛೂತ್ ಕನ್ಯಾ, ಜನ್ಮಭೂಮಿ
1937: ಇಜ್ಜತ್, ಜೀವನ ಪ್ರಭಾತ, ಸಾವಿತ್ರಿ
1938: ನಿರ್ಮಲಾ, ವಚನ
1939: ದುರ್ಗಾ
1941: ಅಂಜಾನ್
1943: ಹಮಾರಿ ಬಾತ್